ನೋಡಬಾರದ ಕೈಯನ್ನೇ ಜನ ನೋಡುತ್ತಿದ್ದರೆ: ಜಾದೂ ಕಲಿಯುವವರಿಗೆ ದೋಷ ನಿವಾರಣೆ ಕೈಪಿಡಿ

ನಾಣ್ಯ ಮಾಯವಾಗುವ ಆಟವನ್ನು ಹೊಸದಾಗಿ ಕಲಿತವರು ಕನ್ನಡಿಯ ಮುಂದೆ ಚೆನ್ನಾಗಿಯೇ ಮಾಡುತ್ತಾರೆ. ಗಣಪತಿ ಪೆಂಡಾಲಿನಲ್ಲೋ, ಶಾಲೆಯ ವಾರ್ಷಿಕೋತ್ಸವದಲ್ಲೋ, ನೆಂಟರ ಮನೆಯ ನಾಮಕರಣದಲ್ಲೋ ಹತ್ತು ಜನರ ಮುಂದೆ ನಿಂತ ಕೂಡಲೇ ಅದೇ ಆಟ ಕೈಕೊಡುತ್ತದೆ. ಆಗ ಎಲ್ಲರೂ ಬೆರಳುಗಳನ್ನೇ ದೂರುತ್ತಾರೆ; ಕೈಚಳಕ ಸಾಲದು ಎಂದುಕೊಂಡು ಮತ್ತೆ ಕನ್ನಡಿಯ ಮುಂದೆ ನಿಲ್ಲುತ್ತಾರೆ. ಹಾಸನದಲ್ಲಿ ಹುಡುಗ ಹುಡುಗಿಯರಿಗೆ ಜಾದೂ ಹೇಳಿಕೊಡುವ ನನಗೆ ಕಾಣುವುದು ಬೇರೆ. ದೋಷ ಬಹುಪಾಲು ಬೆರಳಿನಲ್ಲಿ ಇರುವುದಿಲ್ಲ. ಆಟ ಮಾಡುವವರ ಕಣ್ಣಿನಲ್ಲಿ, ನಿಲುವಿನಲ್ಲಿ, ಮಾತಿನಲ್ಲಿ ಇರುತ್ತದೆ.

ಜನರ ಗಮನವನ್ನು ಒಂದು ಕಡೆಯಿಂದ ಓಡಿಸಲು ಆಗುವುದಿಲ್ಲ, ಇನ್ನೊಂದು ಕಡೆಗೆ ಕರೆಯಲು ಮಾತ್ರ ಆಗುತ್ತದೆ. ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಹೋದವರಿಗೆ ಇದು ಗೊತ್ತಿರುತ್ತದೆ. ಅಲ್ಲಿ ಮದನಿಕೆಯೊಬ್ಬಳ ತಲೆಯ ಮೇಲಿನ ಬಳ್ಳಿಯ ಕೆತ್ತನೆಯಲ್ಲಿ ಹಣ್ಣಿನ ಮೇಲೆ ಕೂತ ನೊಣವೊಂದಿದೆ, ಅದನ್ನು ಹಿಡಿಯಲು ಹೊಂಚುವ ಹಲ್ಲಿಯೂ ಇದೆ. ಗೈಡ್ ಬೆರಳು ಮಾಡಿ ತೋರಿಸುವವರೆಗೆ ಹಲ್ಲಿ ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ತೋರಿಸಿದ ಮೇಲೆ ಸ್ವಲ್ಪ ಹೊತ್ತು ಮದನಿಕೆಯ ಮುಖದ ನೆನಪೇ ಯಾರಿಗೂ ಇರುವುದಿಲ್ಲ. ಗೈಡ್ ಯಾರಿಗೂ ‘ಮುಖ ನೋಡಬೇಡಿ’ ಎಂದಿರುವುದಿಲ್ಲ. ಹಲ್ಲಿಯನ್ನು ತೋರಿಸಿರುತ್ತಾರೆ, ಅಷ್ಟೇ. ಮುಂದೆ ಬರುವ ಪರೀಕ್ಷೆಗಳೆಲ್ಲ ಕೇಳುವುದು ಒಂದೇ ಪ್ರಶ್ನೆ: ಜನ ನೋಡಲಿ ಎಂದು ನೀವು ಏನನ್ನು ಕೊಟ್ಟಿದ್ದೀರಿ?

ಉದಾಹರಣೆಗೆ ಎಲ್ಲರಿಗೂ ಗೊತ್ತಿರುವ ಆಟವನ್ನೇ ಇಟ್ಟುಕೊಳ್ಳೋಣ. ಹತ್ತು ರೂಪಾಯಿಯ ನಾಣ್ಯ ಬಲಗೈ ಬೆರಳ ತುದಿಯಲ್ಲಿದೆ. ಅದನ್ನು ಎಡಗೈಗೆ ಹಾಕಿದಂತೆ ಮಾಡುತ್ತೀರಿ, ನಾಣ್ಯ ಬಲಗೈಯಲ್ಲೇ ಅಡಗಿ ಉಳಿಯುತ್ತದೆ. ಎಡಗೈ ಮುಚ್ಚಿ, ಊದಿ, ತೆರೆದರೆ ಏನೂ ಇಲ್ಲ. ಜಾದೂ ಕಲಿಯುವ ಮಕ್ಕಳಿಗೆ ಮೊದಲು ಹೇಳಿಕೊಡುವುದೇ ಇದನ್ನು, ಹಾಗಾಗಿ ಇಲ್ಲಿ ಯಾರ ಗುಟ್ಟೂ ರಟ್ಟಾಗುವುದಿಲ್ಲ. ಬೇಕಾಗುವ ಸಾಮಾನು ನಾಣ್ಯ, ಮೊಬೈಲ್, ಮತ್ತು ಮುಖಸ್ತುತಿ ಮಾಡದ ಒಬ್ಬ ಗೆಳೆಯ ಅಥವಾ ತಂಗಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂಬುದು ತಿಳಿಯುವುದಿಲ್ಲ.

ಲಕ್ಷಣ: ಒಂದು ಬದಿಯಲ್ಲಿ ಕೂತವರಿಗೆ ಮಾತ್ರ ಗುಟ್ಟು ತಿಳಿಯುತ್ತದೆ

ಇದಕ್ಕೂ ಗಮನಕ್ಕೂ ಸಂಬಂಧವಿಲ್ಲ. ಇದು ಜಾಗದ ದೋಷ, ಸರಿಪಡಿಸಲು ಖರ್ಚೂ ಇಲ್ಲ. ಅದಕ್ಕೇ ಮೊದಲು ಇದನ್ನು ನೋಡಿ.

ನಮ್ಮ ಕಡೆಯ ಮನೆಗಳಲ್ಲಿ ಜನ ಸಾಲಾಗಿ ಕೂರುವುದಿಲ್ಲ. ದೊಡ್ಡವರು ಜಗಲಿಯ ಮೇಲೆ, ಹೆಂಗಸರು ಅಡುಗೆಮನೆಯ ಬಾಗಿಲಲ್ಲಿ, ಮಕ್ಕಳು ನಿಮ್ಮ ಕಾಲ ಬುಡದಲ್ಲಿ ಇರುತ್ತಾರೆ. ಇಬ್ಬರಾದರೂ ಬೆನ್ನ ಹಿಂದೆ ಬಂದು ನಿಂತಿರುತ್ತಾರೆ. ಆಟ ಆರಂಭಿಸುವ ಮೊದಲೇ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ನಿಂತ ಮೇಲೆ ಹಿಂದೆ ಏನಿದೆ ಎಂದು ಒಮ್ಮೆ ತಿರುಗಿ ನೋಡಿ. ಆರಿಸಿಟ್ಟ ಟಿ.ವಿ. ಒಂದು ಕಪ್ಪು ಕನ್ನಡಿಯೇ ಸರಿ. ಶೋಕೇಸಿನ ಗಾಜು, ರಾತ್ರಿ ಹೊತ್ತು ಕಿಟಕಿಯ ಗಾಜು, ಹೊಳೆಯುವ ಸ್ಟೀಲ್ ತಟ್ಟೆ ಇವೆಲ್ಲ ನಿಮ್ಮ ಕೈಯ ಹಿಂಬದಿಯನ್ನು ಎದುರಿನವರಿಗೆ ತೋರಿಸಿಕೊಡುತ್ತವೆ. ಟ್ಯೂಬ್‌ಲೈಟ್ ನಿಮ್ಮ ಹಿಂದಿದ್ದರೆ ಬೆರಳ ಸಂದಿಯಲ್ಲಿ ಬೆಳಕು ತೂರಿ ಬರುತ್ತದೆ, ನಾಣ್ಯ ಇದ್ದ ಕಡೆ ಮಾತ್ರ ಕತ್ತಲೆ ಉಳಿಯುತ್ತದೆ. ದೀಪ ನಿಮ್ಮ ಎದುರಿಗಿರಲಿ.

ನಾಣ್ಯದ ಆಯ್ಕೆಯೂ ಇಲ್ಲೇ ಮುಗಿಯಲಿ. ಹತ್ತು ರೂಪಾಯಿಯ ನಾಣ್ಯ 27 ಮಿಲಿಮೀಟರ್ ಅಗಲ, ಎರಡು ಬಣ್ಣ. ದೂರಕ್ಕೆ ಚೆನ್ನಾಗಿ ಕಾಣುತ್ತದೆ, ಆದರೆ ಚಿಕ್ಕ ಕೈಗಳಲ್ಲಿ ಅಡಗುವುದಿಲ್ಲ. ಹತ್ತು ಹನ್ನೆರಡು ವರ್ಷದ ಮಕ್ಕಳು 20ರಿಂದ 22 ಮಿಲಿಮೀಟರ್ ಅಗಲದ ಈಚಿನ ಒಂದು ರೂಪಾಯಿಯ ನಾಣ್ಯದಿಂದ ಆರಂಭಿಸುವುದು ಒಳ್ಳೆಯದು.

ಲಕ್ಷಣ: ‘ಆ ಕೈ ತೋರಿಸಿ’ ಎಂದು ಕೇಳುತ್ತಾರೆ

ಎಲ್ಲರೂ ಹೇಳಿಕೊಳ್ಳುವ ತೊಂದರೆ ಇದೇ. ಮೊದಲು ಒಂದನ್ನು ಗಟ್ಟಿ ಮಾಡಿಕೊಳ್ಳಿ: ಅವರು ಕೇಳಿದ್ದು ನೀವು ಎಡಗೈ ತೆರೆಯುವ ಮೊದಲೋ, ತೆರೆದ ಮೇಲೋ?

ತೆರೆದ ಮೇಲೆ ಕೇಳಿದರೆ ಗಮನ ಎಲ್ಲೂ ಜಾರಿಲ್ಲ. ಎಡಗೈಯಲ್ಲಿ ಇಲ್ಲವೆಂದ ಮೇಲೆ ಬಲಗೈಯಲ್ಲಿರಬೇಕು ಎಂದು ಬುದ್ಧಿಯಿರುವ ಯಾರಾದರೂ ಲೆಕ್ಕ ಹಾಕುತ್ತಾರೆ. ಅದು ಆಟದ ರಚನೆಯ ದೋಷ. ನಾಣ್ಯ ಮಾಯವಾಗುವುದಕ್ಕೇ ಆಟವನ್ನು ನಿಲ್ಲಿಸಬೇಡಿ. ಮಗುವಿನ ಕಿವಿಯ ಹಿಂದಿನಿಂದಲೋ, ಮೊಣಕೈಯ ಕೆಳಗಿನಿಂದಲೋ ಕೂಡಲೇ ಮರಳಿ ಬರಲಿ. ಹುಡುಕುವ ಬುದ್ಧಿಗೆ ಆಗ ಉತ್ತರ ಸಿಕ್ಕಂತಾಗುತ್ತದೆ, ಬಲಗೈಯೂ ಖಾಲಿಯಾಗುತ್ತದೆ.

ತೆರೆಯುವ ಮೊದಲೇ ಕೇಳಿದರೆ ನಾಣ್ಯ ಎಡಗೈಗೆ ಹೋಯಿತು ಎಂದು ಅವರು ನಂಬಿಯೇ ಇಲ್ಲ. ಈಗ ಕಾರಣವನ್ನು ಒಂದೊಂದಾಗಿ ಹುಡುಕಬೇಕು.

ನಿಮ್ಮ ಕಣ್ಣಿನಿಂದ ಆರಂಭಿಸಿ. ಮೊಬೈಲನ್ನು ಎದುರಿಗೆ ನಿಮ್ಮ ಎದೆಯ ಎತ್ತರದಲ್ಲಿ ನಿಲ್ಲಿಸಿ, ಆಟವನ್ನು ಚಿತ್ರಿಸಿ, ಶಬ್ದ ತೆಗೆದು ನೋಡಿ. ಕೈಗಳನ್ನು ನೋಡಬೇಡಿ, ನಿಮ್ಮ ಮುಖವನ್ನು ಮಾತ್ರ ನೋಡಿ. ಎರಡು ಕೈಗಳು ಕೂಡಿ ಬೇರೆಯಾಗುವ ಗಳಿಗೆಯಲ್ಲಿ ಕಣ್ಣು ಬಲಗೈಯ ಕಡೆಗೆ ಸರಕ್ಕನೆ ಹೋಗಿ ಬರುತ್ತದೆಯೇ? ನಾಣ್ಯ ಬೀಳದೆ ನಿಂತಿದೆಯೇ ಎಂದು ನೋಡಿಕೊಳ್ಳುವ ಆ ಒಂದು ಚಿಕ್ಕ ನೋಟ ಗುಟ್ಟನ್ನೆಲ್ಲ ಹೇಳಿಬಿಡುತ್ತದೆ. ಇನ್ನು ಕೆಲವರು ಆ ಹೊತ್ತಿಗೇ ಎದುರಿನವರ ಮುಖ ನೋಡುತ್ತಾರೆ, ಸಿಕ್ಕಿಬಿದ್ದೆನೋ ಎಂಬ ಆತಂಕದಿಂದ. ಅದೂ ಅಷ್ಟೇ ಕೆಟ್ಟದ್ದು.

ಮುಖಕ್ಕೆ ಎಷ್ಟು ಬಲವಿದೆ ಎಂಬುದನ್ನು ಗುಸ್ತಾವ್ ಕುನ್ ಮತ್ತು ಮೈಕೆಲ್ ಲ್ಯಾಂಡ್ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ತೋರಿಸಿಕೊಟ್ಟಿತು. ಜಾದೂಗಾರ ಚೆಂಡನ್ನು ಎರಡು ಸಲ ನಿಜವಾಗಿ ಮೇಲಕ್ಕೆಸೆದು ಹಿಡಿಯುತ್ತಾನೆ. ಮೂರನೇ ಸಲ ಎಸೆದಂತೆ ಮಾಡಿ ಚೆಂಡನ್ನು ಕೈಯಲ್ಲೇ ಉಳಿಸಿಕೊಳ್ಳುತ್ತಾನೆ. ಆಗ ಅವನು ತಲೆಯೆತ್ತಿ ಇಲ್ಲದ ಚೆಂಡಿನ ದಾರಿಯನ್ನು ನೋಡಿದಾಗ ನೋಡುಗರಲ್ಲಿ ಶೇಕಡಾ 68 ಮಂದಿ ಚೆಂಡು ಮೇಲಕ್ಕೆ ಹೋಗಿದ್ದನ್ನು ಕಂಡೆವು ಎಂದರು. ಅವನು ಕೈಯನ್ನೇ ನೋಡಿದಾಗ ಹಾಗೆಂದವರು ಶೇಕಡಾ 32 ಮಾತ್ರ. ಕೈ ಮಾಡಿದ ಕೆಲಸ ಎರಡು ಸಲವೂ ಒಂದೇ. ಬದಲಾಗಿದ್ದು ನೋಟ ಒಂದೇ.

ಸರಿಪಡಿಸುವ ದಾರಿ ಸರಳ, ಆದರೆ ತಾಳ್ಮೆ ಬೇಡುತ್ತದೆ. ಮೊದಲು ನಾಣ್ಯವನ್ನು ನಿಜವಾಗಿ ಎಡಗೈಗೆ ಹಾಕಿ. ಮತ್ತೆ ಮತ್ತೆ ಹಾಕಿ, ಅದನ್ನೂ ಚಿತ್ರಿಸಿ. ಈಗ ಹತ್ತಿರದಿಂದ ನೋಡಿ. ನಾಣ್ಯ ಅಂಗೈಗೆ ತಾಗಿದ ಕೂಡಲೇ ಎಡಗೈ ಬೆರಳುಗಳು ಕಿರುಬೆರಳಿನಿಂದ ಆರಂಭಿಸಿ ಒಂದರ ಹಿಂದೆ ಒಂದು ಮಡಚಿಕೊಳ್ಳುತ್ತವೆ. ನಾಣ್ಯದ ತೂಕಕ್ಕೆ ಎಡಗೈ ಕೂದಲೆಳೆಯಷ್ಟು ಕೆಳಗೆ ಇಳಿಯುತ್ತದೆ. ಬಲಗೈ ಹೆಬ್ಬೆರಳು ಸಡಿಲವಾಗಿ ತೆರೆದುಕೊಳ್ಳುತ್ತದೆ. ಕಣ್ಣು ಎಡಗೈಯ ಜೊತೆಗೇ ಹೋಗುತ್ತದೆ, ಬಲಗೈಯ ಕಡೆಗೆ ಮರಳುವುದೇ ಇಲ್ಲ, ಏಕೆಂದರೆ ಅಲ್ಲಿ ನೋಡಲು ಏನೂ ಉಳಿದಿಲ್ಲ. ಹಾಕಿದಂತೆ ಮಾಡುವಾಗಲೂ ಇಷ್ಟೂ ಹಾಗೆಯೇ ಇರಬೇಕು. ಬಹಳಷ್ಟು ಮಂದಿ ಸುಳ್ಳಿನ ಕೈಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡುತ್ತಾರೆ, ನಿಜದ ಕೈ ಹೇಗಿರುತ್ತದೆ ಎಂದು ಒಮ್ಮೆಯೂ ನೋಡಿರುವುದಿಲ್ಲ. ನನ್ನ ಹತ್ತಿರ ಬರುವ ಮಕ್ಕಳಿಗೆ ಮೊದಲ ಪಾಠವೇ ಇದು: ಏನನ್ನೂ ಅಡಗಿಸದೆ ನಾಣ್ಯವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕುವುದು. ಅವರಿಗೆ ಬೇಸರವಾಗುತ್ತದೆ. ಆದರೂ ಬಿಡುವುದಿಲ್ಲ.

ಕಣ್ಣು ಸರಿಯಿದ್ದೂ ‘ಆ ಕೈ’ ಎನ್ನುತ್ತಿದ್ದರೆ ಬಲಗೈಯ ನಿಲುವನ್ನು ನೋಡಿ. ನಾಣ್ಯ ಅಡಗಿದ ಕೈ ಮರಗಟ್ಟಿ ನಿಲ್ಲುತ್ತದೆ. ಹೆಬ್ಬೆರಳು ಅಂಟಿಕೊಳ್ಳುತ್ತದೆ, ಮೊಣಕೈ ಪಕ್ಕೆಗೆ ಒತ್ತಿಕೊಳ್ಳುತ್ತದೆ. ಸುಮ್ಮನಿರುವ ಕೈ ಹಾಗಿರುವುದಿಲ್ಲ. ಅದಕ್ಕೊಂದು ಕೆಲಸ ಕೊಡಿ. ಮೇಜಿನ ಮೇಲಿನ ಪೆನ್ನನ್ನೋ ಮಂತ್ರದ ಕೋಲನ್ನೋ ಎತ್ತಿಕೊಳ್ಳಲಿ, ಅದೇ ಕೋಲಿನಿಂದ ಎಡಗೈಯನ್ನು ತಟ್ಟಲಿ. ಕೋಲು ಹಿಡಿದ ಮುಷ್ಟಿ ಮುಚ್ಚಿರುವುದು ಸಹಜ, ಯಾರಿಗೂ ಅನುಮಾನ ಬರುವುದಿಲ್ಲ. ಬೀದಿಯ ಗಾರುಡಿಗರು ಬಟ್ಟಲು ಉಂಡೆಯ ಆಟದಲ್ಲಿ ಕೋಲನ್ನು ಕೈಬಿಡದಿರುವುದು ಬರಿಯ ಚೆಂದಕ್ಕಲ್ಲ.

ಆಮೇಲೆ ಉಸಿರು. ಗುಟ್ಟಿನ ಗಳಿಗೆಯಲ್ಲಿ ಉಸಿರು ಬಿಗಿಹಿಡಿಯುವವರೇ ಹೆಚ್ಚು. ಹೆಗಲು ಏರುತ್ತದೆ, ಮಾತು ಅರ್ಧಕ್ಕೆ ತುಂಡಾಗುತ್ತದೆ, ಎದುರಿನವರಿಗೆ ಕಾರಣ ತಿಳಿಯದಿದ್ದರೂ ‘ಈಗ ಏನೋ ಆಯಿತು’ ಎಂಬುದು ತಿಳಿದುಬಿಡುತ್ತದೆ. ಆ ಹೊತ್ತಿಗೆ ಒಂದು ವಾಕ್ಯವನ್ನು ಹೇಳುತ್ತಿರಿ. ಮಾತನಾಡುವವರು ಉಸಿರು ಕಟ್ಟಲಾರರು. ವಾಕ್ಯದ ನಡುವೆ ಕೈ ಕೆಲಸ ಮುಗಿಯಲಿ, ಕೊನೆಯಲ್ಲಿ ಬೇಡ.

ಕೈ ಹೋಗುವ ದಾರಿಯನ್ನೂ ಪರೀಕ್ಷಿಸಿ. ಕೈ ಕಮಾನಿನಂತೆ ಬಾಗಿ ಹೋದರೆ ನೋಡುಗರ ಕಣ್ಣು ಅದರ ಹಿಂದೆಯೇ ಜಾರುತ್ತಾ ಹೋಗುತ್ತದೆ, ನೇರ ಗೆರೆಯಲ್ಲಿ ಹೋದರೆ ಕಣ್ಣು ನೆಗೆಯುತ್ತದೆ ಎಂದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಂಡುಕೊಂಡಿತು. ಅಮೆರಿಕದ ಕೈಚಳಕಗಾರ ಅಪೋಲೊ ರಾಬಿನ್ಸ್ ಅದರಲ್ಲಿ ಪಾಲ್ಗೊಂಡಿದ್ದರು. ಮುಚ್ಚಿದ ಎಡಗೈಯನ್ನು ಮೇಲೆ, ಹೊರಗೆ, ನಿಧಾನವಾಗಿ ಬಾಗಿಸಿ ಒಯ್ದು ನೋಡಿ. ನಿಮ್ಮ ತಂಗಿಯ ಕಣ್ಣುಗಳನ್ನು ಗಮನಿಸಿದರೆ ವ್ಯತ್ಯಾಸ ನಿಮಗೇ ಕಾಣುತ್ತದೆ.

ಕೊನೆಯದು ಅವಸರ. ನಾಣ್ಯ ಹಾಕಿದಂತೆ ಮಾಡಿ ಅರೆಗಳಿಗೆಯಲ್ಲೇ ಕೈ ತೆರೆದರೆ ಹಿಂದಿನ ಚಲನೆ ಇನ್ನೂ ಹಸಿಯಾಗಿ ಎಲ್ಲರ ಕಣ್ಣಲ್ಲಿರುತ್ತದೆ. ನಡುವೆ ಒಂದು ಕೆಲಸ ಬರಲಿ: ಒಬ್ಬರು ಊದಲಿ, ಇನ್ನೊಬ್ಬರು ಮುಷ್ಟಿಯನ್ನು ಮುಟ್ಟಲಿ, ‘ಇದೆಯಾ?’ ಎಂದು ಕೇಳಿ, ‘ಇದೆ’ ಎಂಬ ಉತ್ತರ ಬರಲಿ. ಆ ಉತ್ತರ ಕೊಟ್ಟವರ ನಂಬಿಕೆ ಇನ್ನಷ್ಟು ಗಟ್ಟಿಯಾಗಿರುತ್ತದೆ.

ಲಕ್ಷಣ: ‘ಇಲ್ಲಿ ಏನೂ ಇಲ್ಲ ನೋಡಿ’ ಎಂದ ಕೂಡಲೇ ಅನುಮಾನ ಹುಟ್ಟುತ್ತದೆ

ಕೇಳದ ಪ್ರಶ್ನೆಗೆ ಉತ್ತರ ಕೊಟ್ಟರೆ ಹೀಗಾಗುತ್ತದೆ. ‘ಇದು ಸಾಧಾರಣ ಇಸ್ಪೀಟು’ ಎಂದರೆ, ಅಸಾಧಾರಣ ಇಸ್ಪೀಟು ಕೂಡ ಇರುತ್ತದೆ ಎಂದು ನೀವೇ ಹೇಳಿಕೊಟ್ಟಂತೆ. ‘ಈಗ ನಾಣ್ಯವನ್ನು ಈ ಕೈಗೆ ಹಾಕುತ್ತಿದ್ದೇನೆ’ ಎಂಬ ಮಾತೂ ಹಾಗೆಯೇ. ಊಟ ಮಾಡುವವರು ‘ಈಗ ತುತ್ತನ್ನು ಬಾಯಿಗೆ ಇಡುತ್ತಿದ್ದೇನೆ’ ಎನ್ನುವುದಿಲ್ಲ.

ನಿಮ್ಮ ಮಾತನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಕೈ ಮಾಡುತ್ತಿರುವುದನ್ನೇ ವರದಿ ಮಾಡುವ ವಾಕ್ಯಗಳನ್ನೆಲ್ಲ ಹೊಡೆದುಹಾಕಿ. ಉಳಿದ ಜಾಗದಲ್ಲಿ ಕೇಳಿಸಿಕೊಳ್ಳುವಂಥ ವಿಷಯ ಬರಲಿ: ನಾಣ್ಯದ ಮೇಲೆ ಅಚ್ಚಾದ ವರ್ಷ, ಅದೇ ವರ್ಷ ಹುಟ್ಟಿದವರು ಯಾರಾದರೂ ಇದ್ದಾರೆಯೇ, ಅಜ್ಜಿಯ ಕಾಲದಲ್ಲಿ ಇಷ್ಟಕ್ಕೆ ಏನು ಬರುತ್ತಿತ್ತು. ಅಜ್ಜಿ ಉತ್ತರ ಹೇಳಲು ಆರಂಭಿಸಿದರೆ ಎಲ್ಲರೂ ಅಜ್ಜಿಯ ಕಡೆಗೆ ತಿರುಗುತ್ತಾರೆ. ನಿಮಗೆ ಬೇಕಾದ ಹೊತ್ತು ಅದೇ.

ಲಕ್ಷಣ: ಯಾರೂ ಹಿಡಿಯಲಿಲ್ಲ, ಯಾರೂ ಬೆರಗಾಗಲೂ ಇಲ್ಲ

ಇದನ್ನು ದೋಷವೆಂದು ಗುರುತಿಸುವವರೇ ಕಡಿಮೆ. ಸಿಕ್ಕಿಬೀಳಲಿಲ್ಲ ಎಂಬ ಸಮಾಧಾನದಲ್ಲಿ ಮನೆಗೆ ಹೋಗುತ್ತಾರೆ. ನನ್ನ ಪ್ರಕಾರ ಸಿಕ್ಕಿಬೀಳುವುದಕ್ಕಿಂತ ಇದು ದೊಡ್ಡ ದೋಷ. ಸಿಕ್ಕಿಬಿದ್ದವರ ಆಟವನ್ನು ಜನ ನೋಡಿದ್ದರು ಎಂದಾದರೂ ಅರ್ಥ.

ಗೆಳೆಯನನ್ನು ಮಾರನೆಯ ದಿನ ಕೇಳಿ: ‘ನಿನ್ನೆ ಏನಾಯಿತು ಹೇಳು.’ ‘ಏನೋ ಜೋಕ್ ಹೇಳಿದೆ, ಪೆನ್ನು ತೆಗೆದೆ, ಆಮೇಲೆ ನಾಣ್ಯ ಇರಲಿಲ್ಲ’ ಎಂದರೆ ಗಮನ ಅತಿಯಾಗಿ ಚದುರಿದೆ. ಗುಟ್ಟಿನ ಜೊತೆಗೆ ಬೆರಗೂ ಕಣ್ತಪ್ಪಿ ಹೋಗಿದೆ. ‘ನಾಣ್ಯ ಎಡಗೈಯಲ್ಲಿತ್ತು, ನಾನೇ ಮುಟ್ಟಿ ನೋಡಿದೆ, ತೆರೆದರೆ ಇರಲಿಲ್ಲ’ ಎಂದರೆ ಎಲ್ಲವೂ ಸರಿಯಾಗಿದೆ. ಅವನು ಮುಟ್ಟಿದ್ದು ಬರಿಯ ಮುಷ್ಟಿಯನ್ನು. ನೆನಪಿನಲ್ಲಿ ಉಳಿದದ್ದು ನಾಣ್ಯ.

ಕೈ ತೆರೆಯುವ ಗಳಿಗೆಯಲ್ಲಿ ಉಳಿದೆಲ್ಲವೂ ನಿಲ್ಲಬೇಕು. ಮಾತು ನಿಲ್ಲಲಿ, ಕಾಲು ನಿಲ್ಲಲಿ, ಕೋಲು ಕೆಳಗಿರಲಿ. ನೀವೂ ಆ ಕೈಯನ್ನೇ ನೋಡಿ. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಳ್ಳಲಿ. ಅಂಗೈ ಖಾಲಿ ಎಂಬುದು ಕೊನೆಯ ಸಾಲಿನವರಿಗೂ ಕಂಡ ಮೇಲೆ ತಲೆಯೆತ್ತಿ ಜನರನ್ನು ನೋಡಿ. ಇಲ್ಲಿ ಅವಸರ ಮಾಡಿ ಮುಂದಿನ ಆಟಕ್ಕೆ ಹೋಗುವವರನ್ನು ಕಂಡರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಇಷ್ಟೆಲ್ಲ ದುಡಿದದ್ದು ಈ ಒಂದು ಗಳಿಗೆಗಾಗಿ.

ಲಕ್ಷಣ: ಒಬ್ಬರ ಕಣ್ಣು ಮಾತ್ರ ನಿಮ್ಮ ಕೈ ಬಿಟ್ಟು ಕದಲುವುದಿಲ್ಲ

ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಕೈಕಟ್ಟಿ ಕೂತ ದೊಡ್ಡಪ್ಪನೋ, ಕಾಲೇಜಿಗೆ ಹೋಗುವ ಅಣ್ಣನೋ. ಅವರ ಜೊತೆ ಗುದ್ದಾಟಕ್ಕೆ ಇಳಿಯಬೇಡಿ, ನಗೆಪಾಟಲು ಮಾಡಬೇಡಿ. ಅವರು ಕೆಟ್ಟವರಲ್ಲ, ಎಲ್ಲರಿಗಿಂತ ಹೆಚ್ಚು ಗಮನ ಕೊಟ್ಟು ನೋಡುತ್ತಿರುವವರು.

ಮೊದಲ ಉಪಾಯ ಪ್ರಶ್ನೆ. ‘ದೊಡ್ಡಪ್ಪ, ನೀವು ಹೇಳಿ, ಇಂಥ ನಾಣ್ಯ ಮೊದಲು ಬಂದಾಗ ಅಂಗಡಿಯವರು ತೆಗೆದುಕೊಳ್ಳುತ್ತಿದ್ದರೇ?’ ಎಂದು ಅವರ ಮುಖ ನೋಡಿ ಕೇಳಿ. ಉತ್ತರ ಹೇಳುವವರು ಕೇಳಿದವರ ಮುಖ ನೋಡುತ್ತಾರೆ. ನಮ್ಮಲ್ಲಿ ಅದು ಮರ್ಯಾದೆಯೂ ಹೌದು. ಎರಡನೆಯದು ಜವಾಬ್ದಾರಿ. ‘ಈ ಕರವಸ್ತ್ರವನ್ನು ಸ್ವಲ್ಪ ಹಿಡಿದುಕೊಳ್ಳುತ್ತೀರಾ?’ ಎಂದು ಕೊಡಿ. ಕೈಯಲ್ಲಿ ಕೆಲಸವಿದ್ದವರು ಆಟದ ಒಳಗಿನವರಾಗುತ್ತಾರೆ, ಕಾವಲುಗಾರರಾಗಿ ಉಳಿಯುವುದಿಲ್ಲ.

ಮೂರನೆಯದು ಹೊತ್ತು. ಗಮನ ಒಂದೇ ಸಮನೆ ಬಿಗಿಯಾಗಿರುವುದಿಲ್ಲ. ನಗು ಬಂದಾಗ, ಚಪ್ಪಾಳೆ ಬಿದ್ದಾಗ, ಆಟ ಮುಗಿಯಿತು ಎನ್ನಿಸಿದಾಗ ಸಡಿಲವಾಗುತ್ತದೆ. ಗುಟ್ಟಿನ ಕೆಲಸವನ್ನು ಆ ಸಡಿಲಿಗೆ ಸರಿಸಿ. ಒಂದು ಆಟದ ಚಪ್ಪಾಳೆಯಲ್ಲಿ ಮುಂದಿನ ಆಟದ ಸಿದ್ಧತೆ ಮುಗಿದುಹೋಗಲಿ. ಇನ್ನೂ ಆರಂಭವೇ ಆಗದ ಆಟವನ್ನು ಯಾರೂ ಕಾವಲು ಕಾಯುತ್ತಿರುವುದಿಲ್ಲ.

ಇಷ್ಟಾದರೂ ಅವರ ಕಣ್ಣು ಕದಲದಿದ್ದರೆ ಆ ಹೊತ್ತಿಗೆ ನಾಣ್ಯವನ್ನು ಜೇಬಿಗೆ ಹಾಕಿ, ಅಡಗಿಸಲು ಏನೂ ಇಲ್ಲದ ಆಟ ಮಾಡಿ. 21 ಎಲೆಗಳ ಆಟ ಇದಕ್ಕೆ ಒಳ್ಳೆಯದು. 21 ಇಸ್ಪೀಟು ಎಲೆಗಳನ್ನು ಒಂದೊಂದಾಗಿ ಮೂರು ಸಾಲಿಗೆ ಹಂಚಿ, ಅವರು ಮನಸ್ಸಿನಲ್ಲಿ ನೆನೆದ ಎಲೆ ಇರುವ ಸಾಲನ್ನು ಕೇಳಿ, ಅದನ್ನು ಉಳಿದೆರಡರ ನಡುವೆ ಇಟ್ಟು ಎತ್ತಿಕೊಳ್ಳಿ. ಮೂರು ಸಲ ಹೀಗೆ ಮಾಡಿದರೆ ಆ ಎಲೆ 11ನೆಯದಾಗಿ ಬರುತ್ತದೆ. ಲೆಕ್ಕವೇ ಎಲ್ಲವನ್ನೂ ನೋಡಿಕೊಳ್ಳುತ್ತದೆ. ದೊಡ್ಡಪ್ಪ ಎಷ್ಟು ಬೇಕಾದರೂ ನೋಡಲಿ.

ಲಕ್ಷಣ: ದೊಡ್ಡವರು ಬೆರಗಾಗುತ್ತಾರೆ, ಮಕ್ಕಳು ಹಿಡಿಯುತ್ತಾರೆ

ಮೊದಲು ಎತ್ತರ ನೋಡಿ. ನೆಲದ ಮೇಲೆ ಕೂತ ಮಗುವಿನ ಕಣ್ಣು ನಿಮ್ಮ ಸೊಂಟಕ್ಕಿಂತ ಕೆಳಗಿರುತ್ತದೆ, ಅಂಗೈಯ ಅಡಿಭಾಗ ಅದಕ್ಕೆ ನೇರವಾಗಿ ಕಾಣುತ್ತದೆ. ನೀವೂ ಕೂತು ಮಾಡಿ, ಅಥವಾ ಮಕ್ಕಳನ್ನು ಎರಡು ಹೆಜ್ಜೆ ಹಿಂದೆ ಕೂರಿಸಿ. ಆಮೇಲೆ ಮಾತನ್ನು ನೋಡಿ: ದೊಡ್ಡವರಿಗೆ ಹೊಂದುವ ಉದ್ದದ ಕಥೆಯನ್ನು ಮಕ್ಕಳು ಕೇಳುವುದಿಲ್ಲ, ಹೊಳೆಯುವ ವಸ್ತುವನ್ನೇ ನೋಡುತ್ತಿರುತ್ತಾರೆ. ಅವರಿಗೆ ಕೈಯಿಂದ ಮಾಡುವ ಕೆಲಸ ಕೊಡಿ, ಮಂತ್ರ ಹೇಳಿಸಿ, ಎಣಿಸಲು ಹೇಳಿ.

ಲಕ್ಷಣ: ‘ಇನ್ನೊಮ್ಮೆ ಮಾಡಿ’ ಎಂದಾಗ ಮಾಡಿದರೆ ಸಿಕ್ಕಿಬೀಳುತ್ತೀರಿ

ಸಿಕ್ಕಿಬೀಳಲೇಬೇಕು. ಮೊದಲ ಸಲ ಏನಾಗಲಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ, ಈಗ ಗೊತ್ತು. ಎಲ್ಲಿ ನೋಡಬೇಕು ಎಂಬುದೂ ಗೊತ್ತು. ಅದೇ ಆಟವನ್ನು ಅದೇ ದಾರಿಯಲ್ಲಿ ಮತ್ತೆ ಮಾಡಬೇಡಿ. ನಾಣ್ಯ ಬೇರೆ ಬಗೆಯಲ್ಲಿ ಮಾಯವಾಗುವ ಇನ್ನೊಂದು ಆಟ ಕೈಯಲ್ಲಿರಲಿ.

ಲಕ್ಷಣ: ಎದುರಿಗಿದ್ದವರಿಗೆ ತಿಳಿಯಲಿಲ್ಲ, ವಿಡಿಯೊದಲ್ಲಿ ಬಯಲಾಯಿತು

ಇದರಿಂದ ಕಂಗೆಡುವವರು ಬಹಳ. ನಿಮ್ಮ ನೋಟ, ಮಾತು, ಪ್ರಶ್ನೆ ಯಾವುದಕ್ಕೂ ಕ್ಯಾಮೆರಾ ಸ್ಪಂದಿಸುವುದಿಲ್ಲ. ಇಡೀ ಚೌಕಟ್ಟನ್ನು ಒಂದೇ ಸ್ಪಷ್ಟತೆಯಲ್ಲಿ ಹಿಡಿಯುತ್ತದೆ. ಮನುಷ್ಯರ ಕಣ್ಣು ಹಾಗಲ್ಲ. ಕೈ ಚಾಚಿ ಹೆಬ್ಬೆರಳನ್ನು ನೆಟ್ಟಗೆ ಹಿಡಿದರೆ ಅದರ ಉಗುರಿನಷ್ಟು ಅಗಲದ ಜಾಗ ಮಾತ್ರ ಒಂದು ಸಲಕ್ಕೆ ತೀರ ಸ್ಪಷ್ಟವಾಗಿ ಕಾಣುತ್ತದೆ. ಸುತ್ತಲಿನದು ಮಸುಕು.

ಅದರ ಮೇಲೆ, ಕಣ್ಣು ಅಲ್ಲೇ ಇದ್ದರೂ ಮನಸ್ಸು ಇರಬೇಕೆಂದಿಲ್ಲ. ಕುನ್ ಮತ್ತು ಬೆಂಜಮಿನ್ ಟ್ಯಾಟ್ಲರ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜಾದೂಗಾರ ಸಿಗರೇಟನ್ನು ಎಲ್ಲರ ಎದುರಿಗೇ ಮಡಿಲಿಗೆ ಬೀಳಿಸುತ್ತಿದ್ದ, ಮುಚ್ಚುಮರೆಯೇ ಇರಲಿಲ್ಲ. ಅದು ಬಿದ್ದದ್ದನ್ನು ಕಂಡವರಿಗೂ ಕಾಣದವರಿಗೂ ಆ ಗಳಿಗೆಯಲ್ಲಿ ಕಣ್ಣು ನೆಟ್ಟ ಜಾಗದಲ್ಲಿ ವ್ಯತ್ಯಾಸ ಸಿಗಲಿಲ್ಲ. ವ್ಯತ್ಯಾಸ ಇದ್ದದ್ದು ಗಮನದಲ್ಲಿ.

ಹಾಗಾಗಿ ವಿಡಿಯೊ ಕೊಡುವುದು ಅರ್ಧ ತೀರ್ಪು ಮಾತ್ರ. ನಿಮ್ಮ ಕಣ್ಣು, ಹೆಗಲು, ಉಸಿರು ಹೇಗಿವೆ ಎಂದು ನೋಡಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಗಮನ ಸೆಳೆಯುವುದು ಫಲಿಸಿತೇ ಎಂದು ತಿಳಿಯಲು ಮನುಷ್ಯರೇ ಬೇಕು. ಸಮಾರಂಭದಲ್ಲಿ ಯಾರಾದರೂ ಮೊಬೈಲ್ ಎತ್ತಿದರೆ, ಪಕ್ಕದಿಂದ ಬೇಡ, ಎದುರಿನಿಂದ ತೆಗೆಯಿರಿ ಎಂದು ವಿನಯದಿಂದ ಕೇಳಿಕೊಳ್ಳಿ.

ಲಕ್ಷಣ: ಮಳೆಗಾಲದಲ್ಲಿ ಮಾತ್ರ ಆಟ ಕೆಡುತ್ತದೆ

ಸಕಲೇಶಪುರದ ಕಡೆ ಆಟ ಮಾಡುವವರಿಗೆ ಇದು ಗೊತ್ತು. ತೇವಕ್ಕೆ ಇಸ್ಪೀಟು ಎಲೆಗಳು ಉಬ್ಬಿ ಒಂದಕ್ಕೊಂದು ಅಂಟುತ್ತವೆ, ಬೆರಳು ತಡವರಿಸುತ್ತದೆ, ತಡವರಿಸಿದ ಕಡೆಗೇ ಎಲ್ಲರ ಕಣ್ಣು ಹೋಗುತ್ತದೆ. ಎಲೆಗಳನ್ನು ಗಾಳಿಯಾಡದ ಡಬ್ಬಿಯಲ್ಲಿಡಿ, ಮಳೆಗಾಲಕ್ಕೆಂದು ಹೊಸ ಕಟ್ಟು ತೆಗೆದುಕೊಳ್ಳಿ. ತಗಡಿನ ಮಾಡಿನ ಮೇಲೆ ಮಳೆ ಬಡಿಯುತ್ತಿದ್ದರೆ ನಿಮ್ಮ ಮಾತು ಯಾರಿಗೂ ಕೇಳುವುದಿಲ್ಲ, ಮಾತಿನಿಂದ ಗಮನ ತಿರುಗಿಸುವ ಆಟಗಳೆಲ್ಲ ಕೆಡುತ್ತವೆ. ಆ ದಿನಕ್ಕೆ ನೋಟ ಮತ್ತು ಕೈಸನ್ನೆಯಿಂದಲೇ ನಡೆಯುವ ಆಟಗಳನ್ನು ಆರಿಸಿ. ಕರೆಂಟ್ ಹೋದರೆ ಆಟ ನಿಲ್ಲಿಸಿ, ಬಂದ ಮೇಲೆ ಮೊದಲಿನಿಂದ ಆರಂಭಿಸಿ.

ಲಕ್ಷಣ: ಜನ ನೋಡುತ್ತಾರೆ, ಆದರೆ ಹೆದರಿ ನೋಡುತ್ತಾರೆ

ಭಯಕ್ಕಿಂತ ಬಲವಾಗಿ ಗಮನ ಹಿಡಿಯುವುದು ಬೇರೊಂದಿಲ್ಲ. 1956ರ ಏಪ್ರಿಲ್ 9ರಂದು ಜಾದೂಗಾರ ಪಿ.ಸಿ. ಸರ್ಕಾರ್ ಬಿಬಿಸಿಯ ನೇರ ಪ್ರಸಾರದಲ್ಲಿ ಯುವತಿಯನ್ನು ಗರಗಸದಿಂದ ಕೊಯ್ಯುವ ಆಟ ತೋರಿಸಿದರು. ಆಟ ಮುಗಿಯುವ ಹೊತ್ತಿಗೇ ಕಾರ್ಯಕ್ರಮವೂ ಮುಗಿದುಹೋಗಿ, ಹುಡುಗಿಗೆ ಏನಾಯಿತೋ ಎಂದು ಗಾಬರಿಯಾದ ವೀಕ್ಷಕರ ಕರೆಗಳಿಂದ ದೂರವಾಣಿಗಳು ಕಿಕ್ಕಿರಿದವು. ಸರ್ಕಾರ್ ಅವರಂಥ ಪಳಗಿದವರ ಹಿಂದೆ ತಂಡವಿತ್ತು, ವರ್ಷಗಳ ತಯಾರಿಯಿತ್ತು. ಕಲಿಯುವವರು ಆ ದಾರಿ ಹಿಡಿಯಬೇಡಿ.

ಗಮನ ಸೆಳೆಯಲು ಬೆಂಕಿ ಬೇಡ. ಒಮ್ಮೆಗೇ ಧಗ್ಗನೆ ಉರಿಯುವ ಕಾಗದ ಬಟ್ಟೆಯ ಪೆಂಡಾಲಿನಲ್ಲಿ, ಸೀರೆ ಸೆರಗುಗಳ ನಡುವೆ ಅನಾಹುತಕ್ಕೆ ದಾರಿ. ಬ್ಲೇಡು, ಸೂಜಿ ನುಂಗುವ ಆಟಗಳನ್ನು ಮಕ್ಕಳ ಮುಂದೆ ತೋರಿಸಲೂಬೇಡಿ, ಅವರು ಮನೆಗೆ ಹೋಗಿ ಮಾಡಿ ನೋಡುತ್ತಾರೆ. ಬೆಳಗುವ ಹೆಬ್ಬೆರಳಿನ ಆಟಿಕೆಯೊಳಗಿನ ಗುಂಡಿ ಬ್ಯಾಟರಿ, ಆಟದ ಉಂಗುರದ ಬಲವಾದ ಅಯಸ್ಕಾಂತ ಚಿಕ್ಕ ಮಕ್ಕಳ ಕೈಗೆ ಸಿಗಲೇಬಾರದು. ನುಂಗಿದ ಬ್ಯಾಟರಿ ಎರಡು ಗಂಟೆಯೊಳಗೇ ಅನ್ನನಾಳವನ್ನು ಸುಡಬಲ್ಲದು. ನುಂಗಿದ ಎರಡು ಅಯಸ್ಕಾಂತಗಳು ಕರುಳನ್ನು ನಡುವೆ ಹಿಸುಕಬಲ್ಲವು. ನುಂಗಿರಬಹುದು ಎಂಬ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಹೋಗಿ.

ಮುಂದೆ ಕರೆದವರು ಹಿಂಜರಿದರೆ ಒತ್ತಾಯ ಮಾಡಬೇಡಿ. ಕೇಳದೆ ಯಾರ ಮೈ, ಜೇಬು, ಚೀಲ ಮುಟ್ಟಬೇಡಿ. ಮಗು ಅತ್ತರೆ ಆಟ ಅಲ್ಲಿಗೇ ನಿಲ್ಲಲಿ. ಸಾಲ ಪಡೆದ ಉಂಗುರವನ್ನೋ ನೋಟನ್ನೋ ಎಲ್ಲರೆದುರು ಹಿಂದಿರುಗಿಸಿ. ಈ ವಿದ್ಯೆಯನ್ನು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಬಳಸುವವರನ್ನು ನಾನು ಜಾದೂಗಾರರೆಂದು ಕರೆಯುವುದಿಲ್ಲ.

ಲಕ್ಷಣ: ಎಲ್ಲ ಸರಿಯಿದೆ, ಆದರೂ ಸಿಕ್ಕಿಬೀಳುತ್ತೀರಿ

ಈಗ ಬೆರಳಿನ ಸರದಿ. ಕಣ್ಣು, ನಿಲುವು, ಮಾತು, ಹೊತ್ತು ಎಲ್ಲವೂ ವಿಡಿಯೊದಲ್ಲಿ ಸರಿಯಾಗಿ ಕಂಡು, ಬೇರೆ ಬೇರೆ ದಿನ ಬೇರೆ ಬೇರೆ ಜನರ ಮುಂದೆ ಒಂದೇ ಜಾಗದಲ್ಲಿ ಸಿಕ್ಕಿಬೀಳುತ್ತಿದ್ದರೆ ನಾಣ್ಯ ಕೈಯಲ್ಲಿ ಸರಿಯಾಗಿ ನಿಂತಿಲ್ಲ. ಬೆರಳ ಸಂದಿಯಲ್ಲಿ ಅಂಚು ಇಣುಕುತ್ತಿರಬಹುದು, ಉಂಗುರಕ್ಕೆ ತಾಗಿ ಸದ್ದು ಮಾಡುತ್ತಿರಬಹುದು. ಉಂಗುರ ತೆಗೆದಿಟ್ಟು ನೋಡಿ. ಕತ್ತಲೆ ಕೋಣೆಯಲ್ಲಿ ಗೆಳೆಯನನ್ನು ಕೂರಿಸಿ ಕಿವಿಯಿಂದ ಮಾತ್ರ ಕೇಳಿಸಿಕೊಳ್ಳಲು ಹೇಳಿ. ಸದ್ದು ಎಲ್ಲಿ ಬರುತ್ತದೆ ಎಂಬುದು ಆಗ ತಿಳಿಯುತ್ತದೆ.

ಹೆಬ್ಬೆರಳಿನ ಬುಡದಲ್ಲೋ ಮಣಿಕಟ್ಟಿನಲ್ಲೋ ನೋವು ಬಂದರೆ ಅಭ್ಯಾಸ ನಿಲ್ಲಿಸಿ. ವಿಶ್ರಾಂತಿಗೆ ಬಗ್ಗದ ನೋವನ್ನು, ಬೆರಳು ಜೋಮು ಹಿಡಿಯುವುದನ್ನು ವೈದ್ಯರಿಗೆ ತೋರಿಸಿ.

ಉಳಿದದ್ದಕ್ಕೆ ನಿಮಗಿಂತ ಹೆಚ್ಚು ಬಲ್ಲ ಜಾದೂಗಾರರ ಬಳಿ ಹೋಗಿ. ಅವರ ಆಟ ಮುಗಿದ ಮೇಲೆ, ಜನ ಚದುರಿದ ಮೇಲೆ ಹೋಗಿ ಕೇಳಿ; ಎಲ್ಲರೆದುರು ಗುಟ್ಟಿನ ಮಾತೆತ್ತಬೇಡಿ. ‘ಚೆನ್ನಾಗಿದೆಯಾ?’ ಎಂದು ಕೇಳಿದರೆ ಚೆನ್ನಾಗಿದೆ ಎಂಬ ಉತ್ತರವೇ ಸಿಗುತ್ತದೆ. ಆಟ ತೋರಿಸಿ ಹೀಗೆ ಕೇಳಿ: ನಿಮ್ಮ ಕಣ್ಣು ಮೊದಲ ಸಲ ನನ್ನ ಬಲಗೈಗೆ ಬಂದದ್ದು ಯಾವ ಮಾತು ಆಡುತ್ತಿದ್ದಾಗ? ಅವರು ಹೇಳಿದ ಮಾತನ್ನು ಬರೆದುಕೊಳ್ಳಿ, ನಾಳೆಯ ಅಭ್ಯಾಸವನ್ನು ಆ ಮಾತಿನಿಂದಲೇ ಆರಂಭಿಸಿ.